ಅರ್ಧ ಓದಿದ ಪುಸ್ತಕವನ್ನೇ ಕಳಿಸಿ: ಶನಿವಾರದ ಓದುಕೂಟದ ಬಗ್ಗೆ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಜುಲೈ ಮೊದಲ ಶನಿವಾರದಿಂದ 5, 6 ಮತ್ತು 7ನೇ ತರಗತಿಗಳಲ್ಲಿ ಪ್ರಾರ್ಥನೆಯ ನಂತರದ ಮೊದಲ ಅವಧಿ ಓದುಕೂಟಕ್ಕೆ ಮೀಸಲು. ಪ್ರತಿ ಮಗುವೂ ತಾನು ಸದ್ಯ ಓದುತ್ತಿರುವ ಪುಸ್ತಕವನ್ನು ತಂದು ಅದರ ಬಗ್ಗೆ ಗೆಳೆಯರಿಗೆ ಎರಡು ನಿಮಿಷ ಹೇಳುತ್ತದೆ. ಓದಿ ಮುಗಿಸಿದ ಪುಸ್ತಕ ಅಲ್ಲ, ಓದುತ್ತಿರುವ ಪುಸ್ತಕ. ಪತ್ರ ಇಷ್ಟುದ್ದ ಆದದ್ದು ಈ ಒಂದು ಪದದ ಸಲುವಾಗಿಯೇ.

ಮುಗಿಸಿದ ಪುಸ್ತಕದ ಬಗ್ಗೆ ಮಾತಾಡು ಎಂದ ಕೂಡಲೇ ಮಕ್ಕಳು ಪರೀಕ್ಷೆಗೆ ಕೂತವರಂತೆ ಆಗುತ್ತಾರೆ. ಸಾರಾಂಶ ಬರೆದುಕೊಳ್ಳುತ್ತಾರೆ, ಬಾಯಿಪಾಠ ಮಾಡುತ್ತಾರೆ, ಕೊನೆಗೊಂದು ನೀತಿ ಅಂಟಿಸುತ್ತಾರೆ. ಕೇಳಿದವರಿಗೂ ಕತೆ ಪೂರ್ತಿ ತಿಳಿದುಬಿಡುವುದರಿಂದ ‘ನಿನ್ನದಾದ ಮೇಲೆ ನನಗೆ ಕೊಡು’ ಎಂದು ಯಾರೂ ಕೈ ಚಾಚುವುದಿಲ್ಲ. ಪುಸ್ತಕದ ನಡುವೆ ಇರುವ ಮಗುವಿನ ಹತ್ತಿರ ಸಾರಾಂಶ ಇರುವುದಿಲ್ಲ. ಊಹೆ ಇರುತ್ತದೆ, ಅನುಮಾನ ಇರುತ್ತದೆ, ಯಾವುದೋ ಪಾತ್ರದ ಮೇಲೆ ಸಿಟ್ಟು ಇರುತ್ತದೆ. ಕೇಳುವವರಿಗೆ ರುಚಿ ಹತ್ತುವುದು ಇಂಥದ್ದರಿಂದ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು. ಶಾಲೆಯ ಬೀರುವಿನಲ್ಲಿ ಬೆನ್ನು ತೋರಿಸಿ ನಿಂತ ಪುಸ್ತಕಕ್ಕೆ ಓದುಗರನ್ನು ಹುಡುಕಿ ಕೊಡುವ ಕೆಲಸವನ್ನು ಪಕ್ಕದ ಬೆಂಚಿನ ಗೆಳತಿ ನಮಗಿಂತ ಚೆನ್ನಾಗಿ ಮಾಡುತ್ತಾಳೆ.

ಅವಧಿ ನಲವತ್ತು ನಿಮಿಷದ್ದು. ಆರಾರು ಮಕ್ಕಳು ನೆಲದ ಮೇಲೆ ಗುಂಡಗೆ ಕೂರುತ್ತಾರೆ. ಒಬ್ಬರಿಗೆ ಹೇಳಲು ಎರಡು ನಿಮಿಷ, ಉಳಿದವರ ಪ್ರಶ್ನೆಗೆ ಎರಡು ನಿಮಿಷ. ಆರು ಮಂದಿಗೆ 24 ನಿಮಿಷ ಆಯಿತು. ಕೂರಲು, ಕಾರ್ಡು ತೆಗೆಯಲು ಆರು ನಿಮಿಷ ಬೇಕೇ ಬೇಕು. ಉಳಿದ ಹತ್ತು ನಿಮಿಷ ಎಲ್ಲರೂ ತಮ್ಮ ತಮ್ಮ ಪುಸ್ತಕ ಸುಮ್ಮನೆ ಓದುತ್ತಾರೆ, ಶಿಕ್ಷಕರೂ ಸೇರಿ. ಗುಂಪು ಆರಕ್ಕಿಂತ ದೊಡ್ಡದಾದರೆ ಕೊನೆಯವರ ಸರದಿ ಬರುವ ಹೊತ್ತಿಗೆ ಗಂಟೆ ಹೊಡೆದಿರುತ್ತದೆ, ಪ್ರತಿ ವಾರ ತಪ್ಪಿಹೋಗುವುದು ಅದೇ ಮೆತ್ತಗಿನ ಮಗುವಿನ ಸರದಿ. ಇಡೀ ತರಗತಿಯ ಮುಂದೆ ನಿಂತು ಭಾಷಣ ಮಾಡಿಸುವ ಪದ್ಧತಿ ಬೇಡ ಎಂದದ್ದೂ ಇದಕ್ಕೇ. ಅಲ್ಲಿ ಮಾತುಗಾರರು ಮಾತಾಡುತ್ತಾರೆ, ಓದುವವರು ಹಿಂದಿನ ಸಾಲಿನಲ್ಲಿ ಉಳಿಯುತ್ತಾರೆ.

ಕೂಟಕ್ಕೆ ಬೇಕಾದ ಒಂದೇ ಸಾಮಗ್ರಿ ಅಂಚೆ ಕಾರ್ಡಿನ ಅಳತೆಯ, ಅಂದರೆ 14 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲದ ದಪ್ಪ ಕಾಗದ. ಹಳೆಯ ಲಗ್ನಪತ್ರಿಕೆಯ ಖಾಲಿ ಬೆನ್ನು ಇದಕ್ಕೆ ಹೇಳಿ ಮಾಡಿಸಿದಂತಿದೆ. ಪುಟದ ಗುರುತಾಗಿಯೂ ಬಳಕೆಗೆ ಬರುತ್ತದೆ. ಅದರ ಮೇಲೆ ಪುಸ್ತಕದ ಹೆಸರು, ಬರೆದವರು, ಶುಕ್ರವಾರ ರಾತ್ರಿ ನಿಂತ ಪುಟಸಂಖ್ಯೆ, ಓದಿ ಹೇಳಬೇಕೆನಿಸಿದ ಒಂದು ವಾಕ್ಯ ಇರುವ ಪುಟ, ಇನ್ನೂ ಉತ್ತರ ಸಿಗದ ಒಂದು ಪ್ರಶ್ನೆ. ಇಷ್ಟು ಸಾಕು. ಕಾರ್ಡು ಚಿಕ್ಕದಿರಬೇಕು. ನೋಟ್‌ಬುಕ್ಕಿನ ಪುಟ ಕೊಟ್ಟರೆ ಮಕ್ಕಳು ಅದನ್ನು ತುಂಬಿಸಲು ಹೊರಡುತ್ತಾರೆ, ಆಮೇಲೆ ಹೇಳುವ ಬದಲು ಬರೆದದ್ದನ್ನು ಓದುತ್ತಾರೆ.

ಹೇಳುವುದು ಹೇಗೆ? ‘ಈ ಪುಸ್ತಕ ತುಂಬಾ ಚೆನ್ನಾಗಿದೆ, ನನಗೆ ಬಹಳ ಇಷ್ಟವಾಯಿತು, ಎಲ್ಲರೂ ಓದಬೇಕು.’ ಈ ಮೂರು ಮಾತು ಯಾವ ಪುಸ್ತಕಕ್ಕೂ ಒಪ್ಪುತ್ತವೆ, ಹೋಟೆಲಿನ ದೋಸೆಗೂ ಒಪ್ಪುತ್ತವೆ. ಬದಲಿಗೆ: ‘ನಾನು 31ನೇ ಪುಟದಲ್ಲಿದ್ದೇನೆ. ಹುಡುಗ ಮಾವಿನ ಮರ ಹತ್ತಿ ಕೂತಿದ್ದಾನೆ, ಕೆಳಗೆ ಅಜ್ಜ ಕೋಲು ಹಿಡಿದು ನಿಂತಿದ್ದಾರೆ. ಕದ್ದದ್ದು ಇವನಲ್ಲ ಅಂತ ನಮಗೆ ಗೊತ್ತು, ಅಜ್ಜನಿಗೆ ಗೊತ್ತಿಲ್ಲ. ಇವನು ಯಾಕೆ ಬಾಯಿ ಬಿಡುತ್ತಿಲ್ಲವೋ ಅರ್ಥವಾಗಿಲ್ಲ.’ ಪುಟ, ಜಾಗ, ಒಂದು ತೊಡಕು. ಮನೆಯಲ್ಲಿ ಅಭ್ಯಾಸ ಮಾಡಿಸುವವರು ಇದನ್ನೇ ಮಾಡಿಸಿ. ಪುಸ್ತಕದ ಹಿಂಬದಿಯ ರಕ್ಷಾಪುಟದಲ್ಲಿ ಅಚ್ಚಾದ ಪರಿಚಯವನ್ನು ಉರು ಹೊಡೆಸಬೇಡಿ, ಮೊಬೈಲಿನಿಂದ ಸಾರಾಂಶ ತೆಗೆದು ಕೊಡಬೇಡಿ. ಇಂಥ ಮಾತು ಎರಡನೇ ಪ್ರಶ್ನೆಗೇ ನಿಂತುಬಿಡುತ್ತದೆ, ಮುಜುಗರ ಪಡುವುದು ಮಗು. ಕಾರ್ಡನ್ನು ಅಮ್ಮನೋ ಅಕ್ಕನೋ ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟರೂ ಅಷ್ಟೇ. ತಪ್ಪು ಕಾಗುಣಿತದ ಕಾರ್ಡು ನಮಗೆ ಬೇಕು. ಶನಿವಾರ ಅದರ ಮೇಲೆ ಕೆಂಪು ಶಾಯಿ ಬೀಳುವುದಿಲ್ಲ. ರೂಪಣಾತ್ಮಕ ಮೌಲ್ಯಮಾಪನದ, ಅಂದರೆ ವರ್ಷದ ನಡುವೆ ಆಗಾಗ ಮಾಡುವ ಮೌಲ್ಯಮಾಪನದ ಅಂಕಗಳಿಗೂ ಓದುಕೂಟಕ್ಕೂ ಯಾವ ಸಂಬಂಧವೂ ಇಲ್ಲ.

ಕಟ್ಟುನಿಟ್ಟಿನ ನಿಯಮ ಒಂದೇ: ಕೊನೆ ಗೊತ್ತಿದ್ದರೂ ಹೇಳುವಂತಿಲ್ಲ.

ಹೆಚ್ಚು ತಾಳ್ಮೆ ಬೇಕಾಗುವುದು ಪುಸ್ತಕ ಆರಿಸುವಾಗ. ಐದು ಬೆರಳಿನ ಲೆಕ್ಕ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಪುಸ್ತಕದ ನಡುವಿನ ಒಂದು ಪುಟ ತೆರೆದು ಮಗು ಓದಲಿ, ಗೊತ್ತಿಲ್ಲದ ಪದ ಬಂದಾಗಲೆಲ್ಲ ಒಂದು ಬೆರಳು ಮಡಿಚಲಿ. ಪುಟ ಮುಗಿಯುವ ಮೊದಲೇ ಐದೂ ಮಡಿಚಿದರೆ ಆ ಪುಸ್ತಕ ಸದ್ಯಕ್ಕೆ ಭಾರ. ಕನ್ನಡದಲ್ಲಿ ಇದನ್ನು ಕಣ್ಣಿನಲ್ಲಿ ಓದಿ ಎಣಿಸಿದರೆ ಲೆಕ್ಕ ತಪ್ಪುತ್ತದೆ. ‘ಹೊರಟುಹೋಗಬೇಕಾಗಿತ್ತು’ ಎಂಬ ಪದ ನೋಡಲು ಗೂಡ್ಸ್ ರೈಲಿನಂತಿದ್ದರೂ ಮಗು ದಿನವೂ ಆಡುವ ಮಾತೇ ಅದು. ಒತ್ತಕ್ಷರ ಕಂಡು ನಿಂತ ಮಗು ಆ ಪದವನ್ನು ಬಲ್ಲದು, ಬಿಡಿಸಿಕೊಳ್ಳಲು ತಡವಾಗಿದೆ, ಅಷ್ಟೆ. ಆದ್ದರಿಂದ ಜೋರಾಗಿ ಓದಿಸಿ. ಕಿವಿಗೆ ಬಿದ್ದ ಮೇಲೂ ಅರ್ಥವಾಗದ ಪದಕ್ಕೆ ಮಾತ್ರ ಬೆರಳು ಮಡಿಚಲಿ. ಆಡುಮಾತಿನ ಪುಸ್ತಕಕ್ಕೂ ಇದೇ ಮದ್ದು. ಧಾರವಾಡ ಕಡೆಯ ‘ಹೇಳ್ಯಾನ’, ‘ಬರ್ತೇನಿ’ ಅಚ್ಚಿನಲ್ಲಿ ಕಂಡಾಗ ಮೈಸೂರು ಕಡೆಯ ಮಗು ತಡವರಿಸುತ್ತದೆ, ‘ಬತ್ತೀನಿ’ ಕಂಡು ಆ ಕಡೆಯ ಮಗು ತಡವರಿಸುತ್ತದೆ. ಎರಡು ಪುಟ ದನಿ ತೆಗೆದು ಓದಿದರೆ ಕಿವಿ ಪಳಗುತ್ತದೆ.

ಅಳತೆಯ ಅಂದಾಜು ಬೇಕೆಂದರೆ, ಮಕ್ಕಳ ಪುಸ್ತಕಗಳು ಹೆಚ್ಚಾಗಿ 16, 32, 48, 64 ಪುಟಗಳಲ್ಲಿ ಬರುತ್ತವೆ. ಮುದ್ರಣದ ದೊಡ್ಡ ಹಾಳೆ ಮಡಿಚಿದಾಗ 16 ಪುಟದ ಕಟ್ಟು ಆಗುವುದು ಇದಕ್ಕೆ ಕಾರಣ. ದಿನಕ್ಕೆ ನಾಲ್ಕು ಪುಟ ಓದುವ ಮಗುವಿಗೆ 64 ಪುಟದ ಪುಸ್ತಕ ಹದಿನಾರು ದಿನ, ಅಂದರೆ ಎರಡು ಶನಿವಾರ ಅದೇ ಪುಸ್ತಕ. ‘ಕಳೆದ ವಾರದ್ದೇ ತಂದಿದ್ದೀಯಲ್ಲ’ ಎಂದು ಕೇಳಬೇಡಿ. ಪುಟಸಂಖ್ಯೆ ಮುಂದೆ ಹೋಗಿದ್ದರೆ ಹೇಳಲು ಹೊಸದು ಇದ್ದೇ ಇರುತ್ತದೆ.

ಬಿಡಲಿಕ್ಕೂ ಅವಕಾಶವಿದೆ. ಇಪ್ಪತ್ತು ಪುಟ ಓದಿದರೂ ಹಿಡಿಸದಿದ್ದರೆ ಕಾರ್ಡಿನ ಮೇಲೆ ‘ಬಿಟ್ಟೆ’ ಎಂದು ಬರೆದು ಕಾರಣ ಒಂದು ಸಾಲು ಹಾಕಲಿ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಅದೇ ಕಾರಣಕ್ಕೆ ಎತ್ತಿಕೊಳ್ಳುವುದುಂಟು: ‘ಬರೀ ಹಾವಿನ ವಿಷಯವೇ ಇದೆ’ ಎಂದರೆ ಹಾವಿನ ಹುಚ್ಚಿನ ಹುಡುಗ ಕಿವಿ ನೆಟ್ಟಗೆ ಮಾಡುತ್ತಾನೆ. ಸಾಲಾಗಿ ಮೂರು ಪುಸ್ತಕ ಬಿಟ್ಟರೆ ಮಾತ್ರ ಆರಿಸುವುದರಲ್ಲಿ ಎಡವುತ್ತಿದೆ ಎಂದರ್ಥ. ಆಗ ತರಗತಿ ಶಿಕ್ಷಕರು ಜೊತೆಗೆ ಕೂತು ಆರಿಸಿಕೊಡುತ್ತಾರೆ, ಬೈಯುವುದಿಲ್ಲ. ಮನೆಯಲ್ಲೂ ಬೈಯಬೇಡಿ. ‘ಪಕ್ಕದ ಮನೆಯವಳು ದಪ್ಪ ಪುಸ್ತಕ ಓದುತ್ತಾಳೆ’ ಎಂಬ ಮಾತಿನಿಂದ ಮಗು ದಪ್ಪ ಪುಸ್ತಕ ಹೊತ್ತು ತರುತ್ತದೆ, ಓದುವುದಿಲ್ಲ.

ಮನೆಯಲ್ಲಿ ಕೇಳಬಾರದ ಪ್ರಶ್ನೆ ‘ಇದರ ನೀತಿ ಏನು?’ ಕೇಳಬಹುದಾದವು: ಈಗ ಎಲ್ಲಿಗೆ ಬಂತು? ಯಾರ ಮೇಲೆ ಸಿಟ್ಟು ಬಂತು? ಮುಂದೇನಾಗಬಹುದು ಅನ್ನಿಸುತ್ತೆ? ಉತ್ತರ ತಪ್ಪಾಗಿದ್ದರೆ ತಿದ್ದಬೇಡಿ, ಪುಸ್ತಕವೇ ತಿದ್ದುತ್ತದೆ. ಓದು ಬರಹ ಬಾರದ ಪೋಷಕರು ಹಿಂಜರಿಯಬೇಕಿಲ್ಲ. ರೊಟ್ಟಿ ತಟ್ಟುತ್ತಾ, ಹಾಲು ಕರೆಯುತ್ತಾ ಮಗು ಓದುವುದನ್ನು ಕೇಳಿಸಿಕೊಂಡು ‘ಆಮೇಲೆ?’ ಎಂದರೆ ಸಾಕು. ಮನೆಮಾತು ಉರ್ದು, ತುಳು, ತೆಲುಗು, ಲಂಬಾಣಿ ಯಾವುದಾದರೂ ಆಗಲಿ, ಮಗು ಮೊದಲ ನಿಮಿಷವನ್ನು ಆ ಮಾತಿನಲ್ಲೇ ಹೇಳಬಹುದು. ಗುಂಪಿನಲ್ಲಿ ಅದು ಬಲ್ಲ ಇನ್ನೊಬ್ಬರು ಕನ್ನಡಕ್ಕೆ ತರುತ್ತಾರೆ. ಯಾರೂ ಇಲ್ಲದಿದ್ದರೆ ಮಗುವೇ ಎರಡನೇ ನಿಮಿಷದಲ್ಲಿ ಕನ್ನಡದಲ್ಲಿ ಹೇಳಲಿ.

ತಿಂಗಳ ಕೊನೆಯ ಶನಿವಾರ ನೀವು ಓದುತ್ತಿರುವ ಪುಸ್ತಕದ ಕಾರ್ಡಿಗೂ ಶಾಲೆಯ ಫಲಕದಲ್ಲಿ ಜಾಗವಿದೆ. ಕಾದಂಬರಿಯೇ ಆಗಬೇಕೆಂದಿಲ್ಲ. ವಾರಪತ್ರಿಕೆಯ ಧಾರಾವಾಹಿ, ಯಕ್ಷಗಾನ ಪ್ರಸಂಗದ ಪುಸ್ತಕ, ಕೃಷಿ ಇಲಾಖೆಯ ಕೈಪಿಡಿ, ಹೊಲಿಗೆ ಯಂತ್ರದ ಜೊತೆ ಬಂದ ಮಾಹಿತಿ ಪುಸ್ತಕ, ಯಾವುದಾದರೂ ಸರಿ. ಎಲ್ಲಿ ನಿಂತಿದ್ದೀರಿ ಎಂಬ ಪುಟಸಂಖ್ಯೆ ಮಾತ್ರ ತಪ್ಪದೆ ಹಾಕಿ. ದೊಡ್ಡವರೂ 12ನೇ ಪುಟದಲ್ಲಿ ಎರಡು ವಾರ ಸಿಕ್ಕಿಹಾಕಿಕೊಳ್ಳುತ್ತಾರೆ ಎಂದು ಮಕ್ಕಳಿಗೆ ತಿಳಿದರೆ ಒಳ್ಳೆಯದೇ.

ಪುಸ್ತಕ ಕೊಳ್ಳಲೇಬೇಕು ಎಂದು ಯಾರಿಗೂ ಹೇಳುತ್ತಿಲ್ಲ. ಶಾಲೆಯ ಬೀರು ಇನ್ನು ಮುಂದೆ ಮಂಗಳವಾರ, ಶುಕ್ರವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ತೆರೆದಿರುತ್ತದೆ. ಒಂದು ಸಲಕ್ಕೆ ಒಂದು ಪುಸ್ತಕ, 14 ದಿನ. ಒಂದೇ ಪುಸ್ತಕಕ್ಕೆ ನಾಲ್ಕು ಜನ ಮುಗಿಬಿದ್ದರೆ (ಓದುಕೂಟ ಸರಿಯಾಗಿ ನಡೆದರೆ ಹಾಗಾಗಲೇಬೇಕು) ಒಳರಕ್ಷಾಪುಟಕ್ಕೆ ಸಿಕ್ಕಿಸಿದ ಚೀಟಿಯಲ್ಲಿ ಹೆಸರು ಬರೆದ ಕ್ರಮದಲ್ಲಿ ಸರದಿ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರ ಎಂಬ ಹೆಸರಿನಲ್ಲಿ ನಡೆಯುತ್ತಿವೆ, ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಸಚಿತ್ರ ಕತೆಗಳನ್ನು ಹಣ ಕೊಡದೆ ಓದಬಹುದು, ಇಳಿಸಿಕೊಂಡು ಮುದ್ರಿಸಿಯೂ ತರಬಹುದು. ಓದಿನ ಮಟ್ಟದ ಪ್ರಕಾರ ಅಲ್ಲಿ ಕತೆಗಳನ್ನು ವಿಂಗಡಿಸಿರುವುದರಿಂದ ಓದಿನಲ್ಲಿ ಹಿಂದಿರುವ ಮಕ್ಕಳಿಗೆ ಆರಿಸುವುದು ಸುಲಭ. ಮೊಬೈಲನ್ನು ಮಾತ್ರ ಶಾಲೆಗೆ ಕಳಿಸಬೇಡಿ.

ಈ ಯೋಜನೆ ಮಳೆಗಾಲದಲ್ಲೇ ಶುರುವಾಗುತ್ತಿರುವುದರಿಂದ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಳಿಸಿ, ಮನೆಗೆ ಬಂದ ಕೂಡಲೇ ಹೊರತೆಗೆಯಿಸಿ; ಚೀಲದೊಳಗೇ ಉಳಿದರೆ ತೇವ ಹೋಗದೆ ಬೂಷ್ಟು ಹಿಡಿಯುತ್ತದೆ. ನೆಂದರೆ ಬಿಸಿಲಿಗೆ ಹಾಕಬೇಡಿ, ಒಲೆಯ ಮೇಲೆ ಹಿಡಿಯಬೇಡಿ, ಹಾಳೆ ಸೆಟೆದು ಅಲೆಯಲೆಯಾಗುತ್ತದೆ. ಇಪ್ಪತ್ತು ಪುಟಕ್ಕೊಂದರಂತೆ ಅಚ್ಚಿಲ್ಲದ ಒಣ ಕಾಗದ ಇಟ್ಟು, ಫ್ಯಾನಿನ ಕೆಳಗೆ ನಿಲ್ಲಿಸಿ, ಕಾಗದ ಒದ್ದೆಯಾದ ಹಾಗೆ ಬದಲಿಸಿ. ಎರಡು ದಿನದೊಳಗೆ ಒಣಗದಿದ್ದರೆ ಬೂಷ್ಟು ಶುರುವಾಗುವ ಭಯ. ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚುವವರು ಬಹಳ. ಕೆಲವು ವರ್ಷಕ್ಕೆ ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಟೇಪು ಮಾತ್ರ ಕಿತ್ತುಬರುತ್ತದೆ. ತೆಳು ಬಿಳಿ ಕಾಗದದ ಪಟ್ಟಿಗೆ ಮೈದಾ ಅಂಟನ್ನು ತೆಳ್ಳಗೆ ಸವರಿ ಹಚ್ಚಿ. ದಪ್ಪ ಸವರಿದರೆ ಜಿರಲೆ, ಬೆಳ್ಳಿಮೀನು ಹುಳು ಬರುತ್ತವೆ. ಬೈಂಡಿಂಗ್ ಮಾಡುವವರು ಇದನ್ನು ತಡೆಯಲು ಅಂಟಿಗೆ ಮೈಲುತುತ್ತ ಬೆರೆಸುವುದುಂಟು, ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ.

ಪುಸ್ತಕ ಕಳೆದರೆ ದಂಡ ಇಲ್ಲ. ದಂಡದ ಹೆದರಿಕೆಗೆ ಮನೆಗೆ ಪುಸ್ತಕ ಒಯ್ಯದಿರುವ ಮಕ್ಕಳೇ ಹೆಚ್ಚು. ಕಳೆದದ್ದನ್ನು ಮಗುವೇ ಬಂದು ಹೇಳಲಿ, ಮನೆಯಲ್ಲಿ ಸುಮಾರು ಅಷ್ಟೇ ಪುಟದ ಬೇರೊಂದು ಪುಸ್ತಕ ಇದ್ದರೆ ಕೊಡಲಿ, ಇಲ್ಲದಿದ್ದರೆ ಬಿಡಲಿ.

ಮೊದಲ ಶನಿವಾರಕ್ಕೆ ಶುಕ್ರವಾರವೇ ಚೀಲದಲ್ಲಿ ಎರಡು ವಸ್ತು ಇಡಿಸಿ: ಎಲ್ಲಾದರೂ ಅರ್ಧಕ್ಕೆ ನಿಂತ ಒಂದು ಪುಸ್ತಕ, ಅದರೊಳಗೆ ಕಾರ್ಡು. ಇನ್ನೂ ಯಾವುದನ್ನೂ ಶುರು ಮಾಡದ ಮಗುವಿದ್ದರೆ ಗುರುವಾರದೊಳಗೆ ತರಗತಿ ಶಿಕ್ಷಕರಿಗೆ ತಿಳಿಸಿ, ಒಂದು ಪುಸ್ತಕ ಕೈಗೆ ಕೊಟ್ಟು ಮೊದಲ ಎರಡು ಪುಟ ಇಲ್ಲೇ ಓದಿಸಿ ಕಳಿಸುತ್ತೇವೆ.

ಇಂತಿ,
ಮುಖ್ಯ ಶಿಕ್ಷಕಿ

ವಿ.ಸೂ.: ಹಳೆಯ ಲಗ್ನಪತ್ರಿಕೆಗಳು ಹೆಚ್ಚಿಗೆ ಇದ್ದರೆ ಶಾಲೆಗೆ ಕೊಡಿ. ಮೇಲೆ ಹೊಳಪಿನ ಲೇಪ ಇರುವಂಥವು ಬೇಡ, ಅವುಗಳ ಮೇಲೆ ಪೆನ್ಸಿಲ್ ಮೂಡುವುದಿಲ್ಲ.