ಪೇಟೆಯ ಹೊಂಡದ ಹೂಳಿಗೂ ಒಂದು ಲೆಕ್ಕ ಇರಲಿ

ಮಾನ್ಯ ಸಂಪಾದಕರೇ,

ಕಾಫಿ ಕೊಯ್ಲು ಮುಗಿಯುತ್ತ ಬರುವ ಹೊತ್ತಿಗೆ ನಮ್ಮ ಕೊಡಗಿನಲ್ಲಿ ಕೆರೆ, ಹೊಂಡಗಳ ಹೂಳೆತ್ತುವ ಕೆಲಸ ಆರಂಭವಾಗುತ್ತದೆ. ಇದು ಆಗಲೇಬೇಕಾದ ಕೆಲಸ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಡಿಕೇರಿಯಂಥ ಊರಿನಲ್ಲಿ, ರಸ್ತೆ, ಚಾವಣಿ, ಬಡಾವಣೆಗಳಿಂದ ಧುಮುಕಿ ಬರುವ ನೀರನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸಬೇಕಾದ ಹೊಂಡವೇ ಹೂಳಿನಿಂದ ತುಂಬಿದ್ದರೆ ಆ ನೀರು ನೇರವಾಗಿ ಕೆಳಗಿನ ಮನೆ, ಗದ್ದೆಗಳಿಗೆ ನುಗ್ಗುತ್ತದೆ. ಆದರೆ ಹೀಗೆ ಎತ್ತಿದ ಹೂಳು ಪರೀಕ್ಷೆಯೂ ಇಲ್ಲದೆ, ದಾಖಲೆಯೂ ಇಲ್ಲದೆ ಯಾರದೋ ತೋಟಕ್ಕೋ ತೋಡಿನ, ಅಂದರೆ ಹಳ್ಳದ, ಬದಿಗೋ ಹೋಗಿ ಬೀಳುತ್ತಿರುವುದನ್ನು ಕುರಿತು ಈ ಪತ್ರ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ತೋಟದ ಕಾಫಿ ಸಸಿಗಳಿಗೆ ಮಣ್ಣು ಬೇಕಾಗಿತ್ತು. ನರ್ಸರಿ ಚೀಲಗಳಿಗೆ ಆರು ಪಾಲು ಕಾಡುಮಣ್ಣು, ಎರಡು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಬೆರೆಸುವುದು ವಾಡಿಕೆ. ಕಾಡುಮಣ್ಣು ಅಗೆಯುವುದು ಬೇಡವೆಂದು ಯೋಚಿಸಿ, ಸಮೀಪದ ಪೇಟೆಯಂಚಿನ ಹೊಂಡದಿಂದ ಎರಡು ಟಿಪ್ಪರ್ ಹೂಳು ತರಿಸಿದೆ. ನೋಡಲು ಅದು ಕಪ್ಪಗೆ, ನುಣ್ಣಗೆ, ಕೆರೆಯ ಫಲವತ್ತಾದ ಗೋಡುಮಣ್ಣಿನಂತೆಯೇ ಇತ್ತು. ಬಿಸಿಲಿಗೆ ಹರಡಿದಾಗ ಡೀಸೆಲ್ ವಾಸನೆ ಎದ್ದಿತು; ಗಾಜಿನ ಚೂರು, ಪ್ಲಾಸ್ಟಿಕ್, ಒಂದೆರಡು ಸಿರಿಂಜುಗಳೂ ಸಿಕ್ಕವು. ಆ ಮಣ್ಣನ್ನು ನಾನು ಬಳಸಲಿಲ್ಲ. ಅದೇ ಹೊಂಡದ ಉಳಿದ ಲೋಡುಗಳು ಎಲ್ಲೆಲ್ಲಿಗೆ ಹೋದವು ಎಂದು ವಿಚಾರಿಸಿದರೆ ಉತ್ತರಿಸುವವರು ಯಾರೂ ಇರಲಿಲ್ಲ. ಆ ಪ್ರಶ್ನೆಯೇ ಇಂದಿಗೂ ನನ್ನನ್ನು ಕಾಡುತ್ತಿದೆ.

ಬತ್ತಿದ ಕೆರೆಯ ಗೋಡನ್ನು ಗಾಡಿಯಲ್ಲಿ ಸಾಗಿಸಿ ಹೊಲಕ್ಕೆ ಹೊಡೆಯುವುದು ನಮ್ಮ ನಾಡಿನ ಹಳೆಯ ಒಳ್ಳೆಯ ಪದ್ಧತಿ. ಆ ಕೆರೆಗಳಿಗೆ ನೀರು ಬರುತ್ತಿದ್ದುದು ಕಾಡು, ಹುಲ್ಲುಗಾವಲು, ಹೊಲಗಳಿಂದ. ಇಂದಿನ ಪೇಟೆಯ ಹೊಂಡಕ್ಕೆ ನೀರು ಬರುವುದು ಬಸ್ ನಿಲ್ದಾಣ, ಗ್ಯಾರೇಜು, ಪೆಟ್ರೋಲ್ ಬಂಕ್, ಹೆದ್ದಾರಿಗಳಿಂದ. ಟೈರು ಸವೆದಾಗ ಸತು, ಬ್ರೇಕ್ ಸವೆದಾಗ ತಾಮ್ರ, ಹಳೆಯ ಬಣ್ಣದಿಂದ ಸೀಸ, ಇಂಜಿನ್ನುಗಳಿಂದ ಎಣ್ಣೆ, ಇವೆಲ್ಲ ಮಳೆನೀರಿನೊಂದಿಗೆ ಬಂದು ಹೂಳಿನ ಅತಿ ಸಣ್ಣ ಕಣಗಳಿಗೆ ಅಂಟಿಕೊಳ್ಳುತ್ತವೆ. ಎಣ್ಣೆಯ ಒಂದಂಶ ಕಾಲಕ್ರಮದಲ್ಲಿ ಕೊಳೆತು ಇಲ್ಲವಾಗಬಹುದು, ಲೋಹ ಹಾಗೆ ಇಲ್ಲವಾಗದು. ಅದರಲ್ಲೂ ಕೊಡಗಿನ ಮಣ್ಣು ಆಮ್ಲೀಯವಾದದ್ದು. ಅಂಥ ಮಣ್ಣಿನಲ್ಲಿ ಸತುವಿನಂಥ ಲೋಹಗಳು ಸುಲಭವಾಗಿ ಸಡಿಲಗೊಂಡು ಬೇರಿಗೂ ಬಾವಿಗೂ ತಲುಪಬಲ್ಲವು. ಕಾಫಿಗೂ ಮೆಣಸಿಗೂ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸುತ್ತ ಬಂದಿರುವ ನಮ್ಮ ತೋಟಗಳ ಮಣ್ಣಿನಲ್ಲಿ ತಾಮ್ರ ಮೊದಲೇ ಸೇರಿಕೊಂಡಿರುತ್ತದೆ ಎಂಬುದನ್ನೂ ಬೆಳೆಗಾರರಾದ ನಾವು ಮರೆಯುವಂತಿಲ್ಲ.

ಪರೀಕ್ಷೆ ಎಂದರೆ ದಡದಲ್ಲಿ ಒಂದು ಹಿಡಿ ಮಣ್ಣು ತೆಗೆದು ಕಳಿಸುವುದಲ್ಲ. ಹೊಂಡಕ್ಕೆ ನೀರು ಬೀಳುವ ಬಾಯಿಯಲ್ಲಿ ದಪ್ಪ ಮರಳು ನಿಲ್ಲುತ್ತದೆ. ಅದು ಬಹುಪಾಲು ಶುದ್ಧವಾಗಿದ್ದು ಮರುಬಳಕೆಗೆ ಯೋಗ್ಯವಾಗಿರಬಹುದು. ವಿಷ ಹಿಡಿದಿಟ್ಟುಕೊಳ್ಳುವ ನುಣುಪು ಕೆಸರು ಒಳಗೆ, ನೀರು ನಿಶ್ಚಲವಾಗಿರುವಲ್ಲಿ ತಂಗುತ್ತದೆ. ಆದ್ದರಿಂದ ಹಲವು ಜಾಗಗಳಿಂದ, ಹಲವು ಆಳಗಳಿಂದ ಮಾದರಿ ತೆಗೆಯಬೇಕು, ಮತ್ತು ರಸಸಾರ (ಪಿಎಚ್), ಪೋಷಕಾಂಶಗಳ ಜೊತೆಗೆ ಲೋಹ, ಎಣ್ಣೆಗಳ ಅಂಶವನ್ನೂ ನೋಡಬೇಕು. ಇದು ಅತಿಯಾದ ಬೇಡಿಕೆಯೇನಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯ ಅಗೆದು ತೆಗೆದ ಮಣ್ಣಿನ ನಿರ್ವಹಣೆಗೆ 2019ರಲ್ಲೇ ನಿಯಮ ರೂಪಿಸಿದೆ. ಮಳೆನೀರು ಹೊಂಡದ ಹೂಳಿನ ಮಾದರಿ ಪರೀಕ್ಷೆಯೂ ಅದರ ವ್ಯಾಪ್ತಿಯಲ್ಲಿದೆ. ಅಮೆರಿಕದ ಮಿನ್ನೆಸೋಟದಲ್ಲಿ ವಾಹನ ನಿಲುಗಡೆ ಜಾಗಗಳಿಗೆ ಬಳಿಯುತ್ತಿದ್ದ ಕಲ್ಲಿದ್ದಲು ಟಾರಿನ ಲೇಪ ಹೊಂಡದ ಹೂಳನ್ನು ಕೆಡಿಸುತ್ತಿದ್ದುದರಿಂದ, ಆ ಹೂಳನ್ನು ವಿಲೇವಾರಿ ಮಾಡುವ ಖರ್ಚು ಪುರಸಭೆಗಳ ತಲೆಯ ಮೇಲೆ ಬಿತ್ತು. 2014ರಿಂದ ಅಲ್ಲಿ ಆ ಲೇಪವನ್ನೇ ನಿಷೇಧಿಸಲಾಗಿದೆ.

ನಮ್ಮಲ್ಲಿ ತೊಡಕು ಎಸ್ಟಿಮೇಟಿನಿಂದಲೇ ಶುರುವಾಗುತ್ತದೆ. ಗುತ್ತಿಗೆದಾರರಿಗೆ ಹಣ ಸಂದಾಯವಾಗುವುದು ಎತ್ತಿದ ಹೂಳಿನ ಘನಮೀಟರು ಮತ್ತು ಸಾಗಿಸಿದ ದೂರದ, ಅಂದರೆ ‘ಲೀಡ್’ನ ಲೆಕ್ಕದಲ್ಲಿ. ಹೂಳು ಕೊನೆಗೆ ಎಲ್ಲಿ ಇಳಿಯಿತು ಎಂಬುದಕ್ಕೆ ಬಿಲ್ಲಿನಲ್ಲಿ ಬೆಲೆಯಿಲ್ಲದಿದ್ದರೆ, ಹತ್ತಿರದ ಇಳಿಜಾರೇ ಅದರ ನೆಲೆಯಾಗುತ್ತದೆ. 2018ರ ಆಗಸ್ಟ್‌ನಲ್ಲಿ ಕುಸಿದ ಗುಡ್ಡಗಳ ಮಣ್ಣು ಹಾರಂಗಿ ಜಲಾಶಯದವರೆಗೂ ಹರಿದುಹೋದದ್ದನ್ನು ಕಣ್ಣಾರೆ ಕಂಡ ಜಿಲ್ಲೆಯಲ್ಲಿ, ನೀರು ಬಸಿಯದ ಹಸಿ ಹೂಳನ್ನು ಇಳಿಜಾರಿನ ಮೇಲೆ ಸುರಿಯುವುದಕ್ಕೆ ಯಾರೂ ಅವಕಾಶ ಕೊಡಬಾರದು.

ಆದ್ದರಿಂದ ಜಿಲ್ಲಾಡಳಿತವು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯೊಂದಿಗೆ ಸೇರಿ ಒಂದು ಸ್ಪಷ್ಟ ವಿಧಾನವನ್ನು ಹೊರಡಿಸಬೇಕೆಂದು ಕೋರುತ್ತೇನೆ. ಪರೀಕ್ಷಾ ವರದಿ ಬಾರದೆ ಹೊಂಡದಿಂದ ಒಂದು ಲೋಡೂ ಹೊರಡಬಾರದು. ಪರೀಕ್ಷೆಯ ಖರ್ಚು ಎಸ್ಟಿಮೇಟಿನಲ್ಲೇ ಸೇರಿರಬೇಕು. ಶುದ್ಧವೆಂದು ಕಂಡ ಹೂಳನ್ನು ರೈತರಿಗೆ ವರದಿಯ ಪ್ರತಿಯೊಂದಿಗೆ ಕೊಡಲಿ, ಅದನ್ನು ನಾನೇ ಮೊದಲು ಕೊಂಡೊಯ್ಯುತ್ತೇನೆ. ಅಷ್ಟು ಶುದ್ಧವಲ್ಲದ್ದು ಆಹಾರ ಬೆಳೆಯದ ಜಾಗದಲ್ಲಿ, ತೋಡು, ಬಾವಿಗಳಿಂದ ದೂರದಲ್ಲಿ ಭರ್ತಿಗೆ ಬಳಕೆಯಾಗಲಿ. ತೀರಾ ಕೆಟ್ಟದ್ದು ತಳಕ್ಕೆ ಹೊದಿಕೆ ಹಾಸಿದ ವಿಲೇವಾರಿ ಘಟಕಕ್ಕೇ ಹೋಗಲಿ. ಪ್ರತಿ ಟಿಪ್ಪರ್‌ಗೂ ಹೊರಟ ಹೊಂಡ, ಇಳಿಸಿದ ಸರ್ವೆ ನಂಬರು ಮತ್ತು ಜಮೀನಿನವರ ಸಹಿ ಇರುವ ಚೀಟಿ ಇರಬೇಕು, ಆ ಚೀಟಿಗಳನ್ನು ತಾಳೆ ನೋಡಿದ ನಂತರವೇ ಬಿಲ್ ಪಾಸಾಗಬೇಕು. ಕೆಲಸವನ್ನು ಜನವರಿಯಲ್ಲಿ ಆರಂಭಿಸಿದರೆ ಹೂಳು ಒಣಗಲು ಸಮಯ ಸಿಗುತ್ತದೆ. ಮೇ ಕೊನೆಯಲ್ಲಿ ಮೋಡ ಕವಿದ ಮೇಲೆ ಜೆಸಿಬಿ ಇಳಿಸಿದರೆ ಎತ್ತಿದ ಕೆಸರೇ ಮೊದಲ ಮಳೆಗೆ ತೋಡು ಸೇರಿ, ಅಲ್ಲಿಂದ ಕಾವೇರಿಗೆ ಹೋಗುತ್ತದೆ. ಬರುವ ಬೇಸಿಗೆಯ ಟೆಂಡರುಗಳನ್ನು ಕರೆಯುವ ಮೊದಲೇ ಈ ಷರತ್ತುಗಳು ಅವುಗಳಲ್ಲಿ ಸೇರಬೇಕಾಗಿದೆ.

ಇತಿ,
ಒಬ್ಬ ಕಾಫಿ ಬೆಳೆಗಾರ
ಮಡಿಕೇರಿ ತಾಲ್ಲೂಕು, ಕೊಡಗು