ಅಕ್ಟೋಬರ್ ಇಟಲಿ ಪ್ರವಾಸ: ಈ ಸಲ ಪಾರ್ಮಾದಲ್ಲಿ ಐದು ರಾತ್ರಿ

ಆತ್ಮೀಯರೇ,

ಅಕ್ಟೋಬರ್ ತಿಂಗಳ ನಮ್ಮ ಇಟಲಿ ಪ್ರವಾಸದಲ್ಲಿ ಒಂದು ದೊಡ್ಡ ಬದಲಾವಣೆ ಮಾಡಿದ್ದೇವೆ. ವೆನಿಸ್ ಮತ್ತು ಪೀಸಾ ಕೈಬಿಟ್ಟು, ಆ ದಿನಗಳನ್ನೆಲ್ಲ ಪಾರ್ಮಾಕ್ಕೆ ಕೊಟ್ಟಿದ್ದೇವೆ. ಮಿಲಾನ್‌ನಿಂದ ಫ್ಲಾರೆನ್ಸ್‌ಗೆ ಹೋಗುವಾಗ ಬರೀ ಊಟಕ್ಕೆ ಅಂತ ನಿಲ್ಲುತ್ತಿದ್ದ ಊರು ಅದು. ಈ ಸಲ ಅಲ್ಲೇ ಐದು ರಾತ್ರಿ.

ಯಾಕೆ ಅಂತ ಹೇಳಲೇಬೇಕು. ಕಳೆದ ವರ್ಷ ನಮ್ಮ ಜೊತೆ ಬಂದಿದ್ದ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಅಲ್ಲಿನ ಕ್ಯಾಥೆಡ್ರಲ್‌ನ ಗುಮ್ಮಟದ ಕೆಳಗೆ ತಲೆ ಎತ್ತಿ ನಿಂತಿದ್ದರು. ಹೊತ್ತಾಯಿತು, ಬಸ್ ಹತ್ತಿ ಅಂತ ನಾವೇ ಕರೆದೆವು. "ಇದನ್ನು ನೋಡೋಕೇ ಅಲ್ವಾ ಇಷ್ಟು ದೂರ ಬಂದಿದ್ದು?" ಎಂದರು. ಅವರನ್ನು ಹಾಗೆ ಅರ್ಧಕ್ಕೇ ಕರೆದುಕೊಂಡು ಬಂದದ್ದು ನಮಗೆ ಇವತ್ತಿಗೂ ಸಂಕಟ.

ಆ ಗುಮ್ಮಟದ ಒಳಗೆ ಇಟಲಿಯ ಚಿತ್ರಕಾರ ಕೊರೆಜ್ಜೊ ಚಿತ್ರ ಬರೆದದ್ದು 1526ರಿಂದ 1530ರ ನಡುವೆ. ಮೇರಿ ಮಾತೆ ಸ್ವರ್ಗಕ್ಕೆ ಏರುವ ದೃಶ್ಯ. ದೂರದಿಂದ ಅದು ಪೂರ್ತಿ ಕಾಣುವುದಿಲ್ಲ. ಒಂದೊಂದೇ ಹೆಜ್ಜೆ ಮುಂದೆ ಹೋದಂತೆ ಮೋಡಗಳು ಸುತ್ತಿ ಸುತ್ತಿ ಮೇಲೇರುತ್ತವೆ, ಅವುಗಳ ನಡುವೆ ತೇಲುವ ಕೈಕಾಲುಗಳು, ನಡುಮಧ್ಯೆ ಬರೀ ಬೆಳಕು. ಚಾವಣಿಯೇ ಇಲ್ಲವೇನೋ ಅನ್ನಿಸುತ್ತದೆ. ಆ ಕಾಲದಲ್ಲೇ ಯಾರೋ ಇದನ್ನು ಕಪ್ಪೆಗಳ ಸಾರು ಎಂದು ಮೂಗು ಮುರಿದಿದ್ದರಂತೆ! ಅರ್ಧ ಗಂಟೆ ನೋಡಿ, ಆಮೇಲೆ ನೀವೇ ಹೇಳಿ. ಮಾರನೇ ದಿನ ಇನ್ನೊಮ್ಮೆ ಹೋಗೋಣ.

ಪಿಲೊತ್ತಾ ಅರಮನೆಯೊಳಗಿನ ಫರ್ನೇಸೆ ರಂಗಮಂದಿರವನ್ನೂ ನಿಧಾನವಾಗಿ ನೋಡಬಹುದು. 1618ರಲ್ಲಿ ಮರದಲ್ಲಿ ಕಟ್ಟಿದ್ದು. 1944ರ ಬಾಂಬ್ ದಾಳಿಯಲ್ಲಿ ಹಾಳಾಗಿ, ಯುದ್ಧ ಮುಗಿದ ಮೇಲೆ ಮತ್ತೆ ಮರದಲ್ಲೇ ಎದ್ದು ನಿಂತಿದೆ.

ಅಕ್ಟೋಬರ್ ಆರಿಸಿದ್ದು ವೆರ್ಡಿಗಾಗಿ. ಒಪೆರಾ ಅಂದರೆ ಹಾಡಿನಲ್ಲೇ ಕಥೆ ಹೇಳುವ ನಾಟಕ; ಅದಕ್ಕೆ ಸಂಗೀತ ಬರೆದ ಆ ದೊಡ್ಡ ಜೀವ ಹುಟ್ಟಿದ್ದು 1813ರ ಅಕ್ಟೋಬರ್‌ನಲ್ಲಿ, ಬುಸ್ಸೆತೊ ಪಕ್ಕದ ರೊಂಕೊಲೆ ಹಳ್ಳಿಯಲ್ಲಿ. ಒಂದು ದಿನ ಆ ಮನೆಗೂ ಹೋಗುತ್ತೇವೆ. ಶರತ್ಕಾಲದಲ್ಲಿ ಪಾರ್ಮಾದಲ್ಲಿ ವೆರ್ಡಿ ಉತ್ಸವ ನಡೆಯುತ್ತದೆ. 1829ರಲ್ಲಿ ಶುರುವಾದ ಅಲ್ಲಿನ ಒಪೆರಾ ಮಂದಿರ ತೆಯಾತ್ರೊ ರೆಜೊದಲ್ಲಿ ಒಂದು ಸಂಜೆಗೆ ಎಲ್ಲರಿಗೂ ಟಿಕೆಟ್ ತೆಗೆಯುತ್ತಿದ್ದೇವೆ. ಅಲ್ಲಿ ಎಲ್ಲಕ್ಕಿಂತ ಮೇಲಿನ ಗ್ಯಾಲರಿಯಲ್ಲಿ ಕೂರುವ ಊರಿನವರು ಭಾರಿ ಕಟ್ಟುನಿಟ್ಟು. ಗಾಯಕ ಸ್ವರ ತಪ್ಪಿದರೆ ಸುಮ್ನೆ ಕೂರುವವರಲ್ಲ, ಕೂಗಿಯೇ ಹೇಳುತ್ತಾರೆ. ಒಪೆರಾ ಕೇಳಿ ಅಭ್ಯಾಸ ಇಲ್ಲದವರು ಹೆದರಬೇಡಿ. ಹಿಂದಿನ ಸಂಜೆ ಎಲ್ಲರೂ ಒಟ್ಟಿಗೆ ಕೂತು ಕಥೆಯನ್ನು ಕನ್ನಡದಲ್ಲಿ ಹೇಳಿ, ಮುಖ್ಯ ಹಾಡುಗಳನ್ನು ಕೇಳಿಸುತ್ತೇವೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಚೀಸ್ ಮಾಡುವ ಕಡೆಗೂ ಬೆಳಗ್ಗೆ ಬೇಗ ಕರೆದುಕೊಂಡು ಹೋಗುತ್ತೇವೆ. ಆದರೆ ಪಾರ್ಮಿಜಾನೊ ಚೀಸ್‌ಗೆ ಹಾಲು ಗಟ್ಟಿಯಾಗಲು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಅಲ್ಲಿನ ಪಾಸ್ತಾ, ಸೂಪ್‌ಗಳಲ್ಲೂ ಈ ಚೀಸ್ ಇರುತ್ತದೆ. ಹಿಂದಿನ ಪ್ರವಾಸಗಳಲ್ಲಿ ಇದನ್ನು ಮೊದಲೇ ಹೇಳದೇ ಇದ್ದದ್ದು ನಮ್ಮ ತಪ್ಪು, ಕ್ಷಮಿಸಿ. ಬೇಡ ಅನ್ನುವವರು ತಿಳಿಸಿ, ನಿಮ್ಮ ಅಡುಗೆ ಬೇರೆಯೇ ಮಾಡಿಸುತ್ತೇವೆ.

ದರ ಬದಲಾಗಿಲ್ಲ. ಪದೇ ಪದೇ ಹೋಟೆಲ್ ಬದಲಿಸುವುದು ತಪ್ಪಿದ್ದರಿಂದ ಉಳಿದ ಹಣ ಒಪೆರಾ ಟಿಕೆಟ್‌ಗೆ ಹೋಗಿದೆ.

ವೆನಿಸ್ ನೋಡಲೆಂದೇ ಹಣ ಕಟ್ಟಿದವರೂ ಇದ್ದೀರಿ. ನಿಮಗೆ ಬೇಜಾರಾಗುವುದು ಸಹಜ. ಜೂನ್ 30ರೊಳಗೆ ಒಂದು ಫೋನ್ ಮಾಡಿ. ಕಟ್ಟಿದ ಮುಂಗಡ ಒಂದು ರೂಪಾಯಿ ಕಡಿತ ಇಲ್ಲದೆ ವಾಪಸ್ ಕೊಡುತ್ತೇವೆ.

ವಿಶ್ವಾಸದಿಂದ,
ನಿಮ್ಮ ಪ್ರವಾಸ ಬಳಗ