ಒಂದು ಬಂಡೆ, ಮೂರು ಪಿರಿಯಡ್ಡು

ಚಿತ್ರದುರ್ಗ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಇಂಜಿನಿಯರಿಂಗ್ ಹುಡುಗರ ಹ್ಯುಮಾನಿಟೀಸ್ ಪಾಠಕ್ಕೆ ಮೂರೇ ಪಿರಿಯಡ್ ಸಿಕ್ಕಿವೆ, ಏನು ಮಾಡಲಿ ಅಂತ ಕೇಳಿದ್ದೀಯ. ಕ್ವಿಜ್ ಒಂದು ಬೇಡ. ಇಸವಿ, ರಾಜಧಾನಿಗಳ ಪಟ್ಟಿ ಗೈಡಿನಲ್ಲೇ ಇದೆ. ಪರೀಕ್ಷೆ ಮುಗಿದ ಮಾರನೇ ದಿನ ಮರೆತೂ ಹೋಗುತ್ತದೆ. ಮೂರಕ್ಕೂ ಸೇರಿ ಒಂದೇ ಬಂಡೆ ಸಾಕು: ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಪತ್ತೆ ಮಾಡಿದ್ದು.

ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಅದರ ಅಚ್ಚಿನ ಚಿತ್ರವನ್ನು ಎ-3 ಹಾಳೆಯಲ್ಲಿ ಪ್ರಿಂಟ್ ತೆಗೆಸು, ಐದು ಜನಕ್ಕೊಂದು. ಯಾರದು, ಯಾವ ಲಿಪಿ ಎಂದು ಹೇಳಬೇಡ. ಮೊಬೈಲ್ ಬ್ಯಾಗಿನೊಳಗೆ. ಹದಿನೈದು ನಿಮಿಷದಲ್ಲಿ ಕಣ್ಣಿಗೆ ಕಂಡ ಹತ್ತು ಸಂಗತಿ ಬರೆಯಲಿ: ಎಷ್ಟು ಸಾಲು, ಎಲ್ಲಿ ಸವೆದಿದೆ, ಎಲ್ಲಿ ಅಕ್ಷರ ಒತ್ತಾಗಿದೆ. ಒಬ್ಬ 'ಮಂತ್ರ ಇರಬೇಕು' ಅಂದಾನು, ತಿದ್ದಬೇಡ. ಕೆಡುವುದು ಇಲ್ಲೇ: ಮೇಷ್ಟ್ರ ಬಾಯಿ ಸುಮ್ಮನಿರುವುದಿಲ್ಲ. 'ಇದು ಅಶೋಕನದು' ಎಂದೆಯೋ, ನಲವತ್ತೈದು ಪೆನ್ನೂ ಕೆಳಗಿಳಿಯುತ್ತವೆ.

ಎರಡನೇ ದಿನ ಕನ್ನಡ ಅನುವಾದ ಕೊಡು. ಶಾಸನ ಶುರುವಾಗುವುದು ನಮ್ಮ ಹಳೇ ಕಾಗದಗಳ ಹಾಗೆ. ಮೌರ್ಯರ ದಕ್ಷಿಣದ ಆಡಳಿತ ಕೇಂದ್ರ ಸುವರ್ಣಗಿರಿಯಿಂದ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರು, ಅಂದರೆ ಹಿರಿಯ ಅಧಿಕಾರಿಗಳು, ಇಸಿಲ ಎಂಬ ಊರಿನ ಮಹಾಮಾತ್ರರ ಆರೋಗ್ಯ ವಿಚಾರಿಸುತ್ತಾರೆ, ವಿಷಯ ಆಮೇಲೆ. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. (ಕೊನೆಯದನ್ನು ಓದುವಾಗ ಹಿಂದಿನ ಬೆಂಚು ನಗುತ್ತದೆ, ನಗಲಿ.) ರಾಜನ ಮಾತು ಬಂಡೆಗೆ ಬರುವಷ್ಟರಲ್ಲಿ ಎಷ್ಟು ಕೈ ದಾಟಿತು ಎಂದು ಫ್ಲೋಚಾರ್ಟ್ ಹಾಕಿಸು, ಅದು ಅವರಿಗೆ ನೀರು ಕುಡಿದಷ್ಟು ಸಲೀಸು. ಭಾಷೆ ಪ್ರಾಕೃತ. ಇಲ್ಲಿನ ಜನಕ್ಕೆ ಅದನ್ನು ಓದಿ ಹೇಳಿದವರು ಯಾರು? ಉತ್ತರ ಹೇಳದೆ ಬಿಡು.

ಈಗ ಕೊನೆಯ ಸಾಲಿಗೆ ಬಾ. ಬರೆದವನು ಚಪಡ. ಅವನ ಹೆಸರಿನವರೆಗೂ ಬ್ರಾಹ್ಮಿ ಲಿಪಿ, ಎಡದಿಂದ ಬಲಕ್ಕೆ. 'ಲಿಪಿಕಾರ' ಎಂಬ ಒಂದು ಪದ ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ. ದೂರದ ವಾಯವ್ಯದ ಗಾಂಧಾರದ ಕಡೆ ನಡೆಯುತ್ತಿದ್ದ ಲಿಪಿ ಅದು. ಬೇರೆ ಥರದ ಅಕ್ಷರ ಎಲ್ಲಿವೆ ಎಂದಷ್ಟೇ ಕೇಳು, ಅವರೇ ಬೆರಳಿಡಲಿ. ಆಮೇಲೆ ಹಲಗೆಯಲ್ಲಿ ಮೂರು ಕಾಲಮ್: ಕಂಡದ್ದು, ಊಹಿಸಿದ್ದು, ಗೊತ್ತಿರುವುದು. ಪದ ಖರೋಷ್ಠಿಯಲ್ಲಿರುವುದು ಕಂಡದ್ದು. ಆ ಲಿಪಿ ಎಲ್ಲಿಯದೆಂಬುದು ಗೊತ್ತಿರುವುದು. ಚಪಡ ವಾಯವ್ಯದಿಂದ ಬಂದವನು ಎಂಬುದು ಊಹೆ, ಬಲವಾದ ಊಹೆಯೇ. 'ಇರಬಹುದು' ಮತ್ತು 'ಇದೆ' ನಡುವಿನ ಗೆರೆ ಈ ಒಂದು ಪದದಲ್ಲಿ ಕಲಿಸಿದಷ್ಟು ಚೆನ್ನಾಗಿ ಒಂದಿಡೀ ಅಧ್ಯಾಯದಲ್ಲೂ ಕಲಿಸಲಾಗದು.

ಮೂರನೆಯದು ಬರವಣಿಗೆ, ಕ್ಲಾಸಿನಲ್ಲೇ, ಒಂದು ಪುಟ. ಮನೆಗೆ ಕೊಟ್ಟರೆ ಎಲ್ಲರದ್ದೂ 'ಅಶೋಕನು ಮೌರ್ಯ ವಂಶದ ಪ್ರಸಿದ್ಧ ದೊರೆ' ಎಂದೇ ಶುರುವಾಗುತ್ತದೆ. ಕಲ್ಲನ್ನು ನೋಡಿದವನು ಮಾತ್ರ ಉತ್ತರಿಸಬಹುದಾದ ಪ್ರಶ್ನೆ ಹಾಕು. ಹತ್ತು ಅಂಕದಲ್ಲಿ ಆರು ಗಮನಿಸಿದ್ದಕ್ಕೆ, ನಾಲ್ಕು ಭಾಷೆಗೆ.

ಒಂದು ಭಾನುವಾರ ಸಿಕ್ಕರೆ ಹರಿಹರಕ್ಕೆ ಕರೆದುಕೊಂಡು ಹೋಗು, ನಿಮ್ಮ ದಾವಣಗೆರೆಗೆ ಅದೇ ಹತ್ತಿರ. ಹೊಯ್ಸಳ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿಯಲ್ಲಿ ಕನ್ನಡ ಶಾಸನಗಳೇ ಇವೆ. ಬೆಳಿಗ್ಗೆ ಎಂಟರೊಳಗೆ ತಲುಪಿ. ಓರೆ ಬಿಸಿಲಿನಲ್ಲಿ ಅಕ್ಷರ ಎದ್ದು ಕಾಣುತ್ತದೆ, ನೆತ್ತಿ ಬಿಸಿಲಿಗೆ ಮಾಯ. ನೆರಳಿದ್ದ ಕಡೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿಸು. ಸೀಮೆಸುಣ್ಣ, ಹಿಟ್ಟು, ಎಣ್ಣೆ ಯಾವುದನ್ನೂ ಬಳಿಯಲು ಬಿಡಬೇಡ, ಕಲ್ಲು ಕೆಡುತ್ತದೆ. ಮಂಡಕ್ಕಿ, ಮಿರ್ಚಿ ಏನಿದ್ದರೂ ಆಮೇಲೆ, ಹೊಳೆ ದಂಡೆಯಲ್ಲಿ.

ಇಂತಿ,
ಅಪ್ಪ